ಗಣಿ ದಾಟಿದ ನೀರು

ಮೈಸೂರಿನಲ್ಲಿ ನೀರಿನ ವಿಷಯ ನನ್ನಷ್ಟು ಬಲ್ಲವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಚೆಲುವಯ್ಯ ಎಂಬ ನನ್ನ ಹೆಸರು ಕೇಳಿ ನಂಜನಗೂಡಿನ ಕಡೆ ಓಡಿರಬೇಕು. ಕಣ್ಣು ಕಟ್ಟಿ ಒಂದು ಗುಟುಕು ಕೊಟ್ಟರೆ ಇದು ಕಬಿನಿ, ಇದು ಕಾವೇರಿ ಎನ್ನುತ್ತೇನೆ. ಇನ್ನೊಂದು ಗುಟುಕು ಕೊಟ್ಟರೆ ಪೈಪು ಹಾಕಿದ ಕಂಟ್ರಾಕ್ಟರನ ಹೆಸರನ್ನೂ ಹೇಳುತ್ತೇನೆ.

ಇಂಥ ನನ್ನನ್ನು ಕೆಲಸಕ್ಕಿಟ್ಟುಕೊಳ್ಳುವ ಪುಣ್ಯ ಮಾಡಿದ್ದವನು ಶ್ರೀರಾಂಪುರದ ನೀರು ಪರೀಕ್ಷೆ ಲ್ಯಾಬಿನ ಮಾಲೀಕ ವಿಜಯ್‌ಕುಮಾರ್. ಅವನು ಬೆಳಿಗ್ಗೆ ಬಂದವನೇ ವರದಿಯೊಂದನ್ನು ನನ್ನ ಮೇಜಿನ ಮೇಲೆ ಎಸೆದ.

"ಸಂಜೆಯೊಳಗೆ ಸಹಿ ಬೀಳ್ಬೇಕು. ಇಲ್ದಿದ್ರೆ ನಾಳೆಯಿಂದ ಮನೇಲೇ ಕೂತು ನಿಮ್ಮ ನಲ್ಲಿ ನೀರು ಪರೀಕ್ಷೆ ಮಾಡ್ಕೊಳಿ."

ಹೊರರಾಜ್ಯದ ಕಲ್ಲಿದ್ದಲು ಗಣಿಯೊಂದನ್ನು ವಿಸ್ತರಿಸಲು ಒಂದು ಕಂಪನಿ ಹೊರಟಿತ್ತು. ಈಗಿರುವ ಗಣಿಯಿಂದ ಪಕ್ಕದ ನದಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಗಣಿಗಿಂತ ಮೇಲಿನ ನೀರು ಒಂದು ಕ್ಯಾನು, ಗಣಿ ದಾಟಿದ ನೀರು ಒಂದು ಕ್ಯಾನು ಬಂದಿದ್ದವು. ತಂದವನು ಕಂಪನಿಯ ಏಜೆಂಟ್ ಯೋಗೇಂದ್ರ, ನಮ್ಮ ನಜರ್‌ಬಾದಿನವನೇ. ಗಣಿಯ ಕೆಳಗಿನ ಹಳ್ಳಿಗಳಿಗೆ ಕುಡಿಯಲು ಆ ನದಿಯೇ ಗತಿ. ಗಣಿಯಿಂದ ನದಿಗೆ ಕೇಡಿಲ್ಲ ಎನ್ನುವ ಆ ವರದಿಗೆ ನಾನು ಸಹಿ ಹಾಕಿದರೆ ಗಣಿ ಬೆಳೆಯುತ್ತದೆ, ಹಾಕದಿದ್ದರೆ ನನ್ನ ಕೆಲಸ ಹೋಗುತ್ತದೆ.

ಕೆಮಿಸ್ಟ್ ಅನುಪಮಾಳ ಜೊತೆ ಕೂತು ಎರಡನ್ನೂ ನೋಡಿದೆ. ಗಣಿಗಿಂತ ಮೇಲಿನ ನೀರಿನಲ್ಲಿ ತುಸು ಕೆಸರು. ಗಣಿ ದಾಟಿದ ನೀರೋ, ನದಿ ಗಣಿಯೊಳಗೆ ಹೊಕ್ಕು ಸೀಗೆಪುಡಿ ಹಚ್ಚಿ ತಲೆಗೆ ಸ್ನಾನ ಮಾಡಿಕೊಂಡು ಬಂದಂತೆ ತಿಳಿಯಾಗಿತ್ತು. ಮೂಸಿದೆ.

"ಇದರಲ್ಲಿ ಕ್ಲೋರಿನ್ ನೋಡಮ್ಮ."

ಅನುಪಮಾ ಔಷಧಿ ಬೆರೆಸಿದಳು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು, ಕ್ಲೋರಿನ್ ಇದೆ ಎಂದರ್ಥ.

"ನದಿಗೆ ಯಾರು ಸಾರ್ ಕ್ಲೋರಿನ್ ಹಾಕ್ತಾರೆ?"

"ನಮ್ಮೂರಿನ ನೀರು ಸರಬರಾಜಿನವರು ಕಣಮ್ಮ. ಅವರ ಕೈ ಬಹಳ ಉದ್ದ."

ಸಂಜೆ ಮಾಲೀಕನ ಹಿಂದೆಯೇ ಯೋಗೇಂದ್ರನೂ ಬಂದ. ನಾನು ಎರಡು ಕ್ಯಾನುಗಳಿಂದ ಎರಡು ಲೋಟ ತುಂಬಿ ಇಟ್ಟಿದ್ದೆ.

"ಇನ್ನೂ ಮೂಸ್ತಾನೇ ಇದೀರಾ? ನಾಯೀನೂ ಇಷ್ಟು ಮೂಸಲ್ಲ ಕಣ್ರೀ," ಎಂದ ಯೋಗೇಂದ್ರ.

"ನಾಯಿಗೆ ಈ ಮೂಗಿದ್ದಿದ್ರೆ ಪೊಲೀಸ್ ಕಮಿಷನರ್ ಮಾಡ್ಬುಡೋರು. ಗಣಿ ದಾಟಿದ ನೀರು ಅಷ್ಟು ಚೆನ್ನಾಗಿದ್ರೆ ಒಂದು ಲೋಟ ಕುಡೀರಿ, ನೋಡೋಣ."

ಅವನು ಗಟಗಟ ಕುಡಿದು ಮೀಸೆ ಒರೆಸಿಕೊಂಡ. "ಸಾಕಾ? ಹಾಕಿ ಸಹಿ."

"ಈಗ ಇದು. ಗಣಿ ಸೋಕದ ನೀರು. ಇನ್ನೂ ರುಚಿಯಾಗಿರ್ಬೇಕಲ್ವಾ?"

ಎರಡನೆಯ ಲೋಟವನ್ನು ಅವನು ಮುಟ್ಟಲಿಲ್ಲ.

"ಯಾಕೆ, ಗಂಟಲು ಕಟ್ತಾ?"

"ನದಿ ನೀರು ಯಾವನ್ರೀ ಕುಡೀತಾನೆ?"

"ಹಾಗಾದ್ರೆ ಮೊದಲು ಕುಡಿದಿದ್ದು ಎಲ್ಲಿಯ ನೀರು ಸಾರ್?" ಎಂದಳು ಅನುಪಮಾ.

ನಾನು ಗುಲಾಬಿ ನೀರಿನ ಗಾಜಿನ ನಳಿಗೆಯನ್ನು ಮಾಲೀಕನ ಮುಂದೆ ಹಿಡಿದೆ. "ನಜರ್‌ಬಾದ್ ನಲ್ಲಿ ನೀರು. ಬೆಳಿಗ್ಗೆ ಹಿಡಿದದ್ದು. ಬೀದಿ ಹೆಸರೂ ಬೇಕಾ?"

"ದಾರೀಲಿ ಕ್ಯಾನು ಚೆಲ್ಲೋಯ್ತು," ಎಂದ ಯೋಗೇಂದ್ರ.

"ಚೆಲ್ತೋ, ನೀವೇ ಚೆಲ್ಲಿದ್ರೋ?"

ಮಾಲೀಕನ ಮುಖ ಸುಟ್ಟ ಬದನೆಕಾಯಿ. "ಇದು ಹೊರಗೆ ಬಿದ್ದಿದ್ರೆ ನನ್ನ ಲೈಸೆನ್ಸೇ ಹೋಗೋದಲ್ಲಯ್ಯ," ಎಂದು ಯೋಗೇಂದ್ರನ ಮೇಲೆ ಎಗರಿದ. ಆಮೇಲೆ ನನ್ನ ಕಡೆ ತಿರುಗಿದ. "ನೀವೇನು ಹಲ್ಲು ಕಿರೀತೀರಿ? ಇವನ ಜೊತೆ ಹೋಗಿ, ನೀವೇ ನದಿಗಿಳಿದು ತುಂಬ್ಕೊಂಡು ಬನ್ನಿ. ಅಲ್ಲೀತನಕ ನಿಮ್ಮ ಮುಖ ತೋರಿಸ್ಬೇಡಿ."

ಹಾಗಾಗಿ ಈಗ ರೈಲಿನಲ್ಲಿದ್ದೇನೆ. ನಾನು ಬರುವ ಸುದ್ದಿ ತಿಳಿದು ಆ ನದಿ ಆಗಲೇ ಎರಡು ಅಡಿ ಏರಿರಬೇಕು. ಖಾಲಿ ಕ್ಯಾನುಗಳನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತೇನೆ. ತುಂಬಿದ ಮೇಲೆ ಮುಚ್ಚಳಕ್ಕೆ ನಾನೇ ಅರಗು ಹಾಕುತ್ತೇನೆ. ಎದುರು ಬರ್ತಿನ ಯೋಗೇಂದ್ರ ಈಗ ತನ್ನ ನೀರಿನ ಬಾಟಲಿ ಚಾಚಿ, "ಕುಡೀತೀರಾ?" ಎಂದ.

ತೆಗೆದುಕೊಂಡು ಮೊದಲು ಮೂಸಿದೆ.