ಹಗಲಿಗೆ ಹಾಕಿದ ಗುರುತು

"ಹಾಕಿ ಸಾರ್ ಸ್ವಿಚ್ಚು!" ಕೊಟ್ಟಿಗೆಯ ಮಾಡಿನ ಮೇಲಿಂದ ಫಿಟ್ಟರ್ ಕೂಗಿದ.

ಲಾಯರ್ ಸ್ವಿಚ್ಚು ಒತ್ತಿದ. ಹಾಲು ಕರೆಯುವ ಯಂತ್ರ ಒಮ್ಮೆ ಗುರ್ ಎಂದು, ಆಮೇಲೆ ಟಕ್‌ಟಕ್ ಎಂದು ತಾಳ ಹಿಡಿಯಿತು. ಅವನೇನು ನಿಜವಾದ ಲಾಯರ್ ಅಲ್ಲ, ಅಕ್ಕನ ಜೊತೆ ಹನ್ನೆರಡು ಹಸು ಸಾಕಿಕೊಂಡಿದ್ದವನು. ಯಾವ ಕಾಗದ ಕೊಟ್ಟರೂ ಮೂರು ಸಲ ಓದಿ, ಎದುರಿಗಿದ್ದವರಿಗೆ ತಲೆನೋವು ಬರುವ ತನಕ ಪ್ರಶ್ನೆ ಕೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಮೇವು ಕತ್ತರಿಸುವ ಯಂತ್ರ ಬಲಗೈಯ ಮೂರು ಬೆರಳು ನುಂಗಿದ ಮೇಲೆ ಹಾಲು ಕರೆಯುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಮಾತ್ರ ಹಟ ಹಿಡಿದು ಕಲಿತ. ಅರ್ಜಿ ತುಂಬುವುದರಲ್ಲಂತೂ ಅವನದು ಎತ್ತಿದ ಕೈ. "ಇರೋ ಎರಡು ಬೆರಳಾದ್ರೂ ಎತ್ತೋ ಲಾಯರೇ" ಎಂದು ಅಕ್ಕ ಕಾಡಿಸುತ್ತಿದ್ದಳು.

ಈಗ ಅಕ್ಕ ಯಂತ್ರದ ನಾಲ್ಕು ಬಟ್ಟಲುಗಳಲ್ಲಿ ಒಂದಕ್ಕೆ ಹೆಬ್ಬೆರಳು ಕೊಟ್ಟು ನೋಡಿದಳು. "ಅಯ್ಯೋ, ಥೇಟ್ ಕರು ಚೀಪಿದ ಹಾಗೇ ಕಣೋ!" ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಅವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಇಪ್ಪತ್ತು ವರ್ಷ ಎರಡು ಹೊತ್ತೂ ಹಿಂಡಿ ಹಿಂಡಿ ಅವಳ ಬೆರಳುಗಳು ಮರಗಟ್ಟಿದ್ದವು. ಹಿಡಿದ ಲೋಟ ಜಾರಿ ಬೀಳುತ್ತಿತ್ತು. ಇನ್ನಾರು ತಿಂಗಳು ಹೀಗೇ ಹಿಂಡಿದರೆ ಈ ಕೈಗಳ ಆಸೆ ಬಿಟ್ಟುಬಿಡಿ ಎಂದು ಡಾಕ್ಟರ್ ಮೊನ್ನೆ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಕೊನೆಯ ಕರೆಂಟ್ ಕಂಬ ಎರಡು ಮೈಲಿ ಆಚೆಗೇ ನಿಂತುಬಿಟ್ಟಿತ್ತು. ಜನರೇಟರ್ ತಂದು ನೋಡಿದರೆ ಅದರ ಗದ್ದಲಕ್ಕೆ ಹಸುಗಳು ಬೆದರಿ ಒದ್ದವು. ನಾಲ್ಕು ಗಂಟೆಗೆ ಎದ್ದು ಬರುವ ಆಳು ಸಿಗಲಿಲ್ಲ. ಕೊನೆಗೆ ಲಾಯರ್ ಒಂದೂವರೆ ವರ್ಷ ಸರ್ಕಾರಿ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಈ ಸೋಲಾರ್ ಮಂಜೂರು ಮಾಡಿಸಿಕೊಂಡಿದ್ದ.

ಫಿಟ್ಟರ್ ಏಣಿ ಇಳಿದು ಬಂದ. "ನಾಳೆ ಬಿಸಿಲೇರಿದ ಮೇಲೆ ಆರಾಮಾಗಿ ಹಾಲು ಕರ್ಕೊಳ್ಳಿ ಅಕ್ಕಾ."

"ಬಿಸಿಲೇರೋ ತನಕ ಕಾಯೋಕಾಗುತ್ತಾ? ಐದೂವರೆಗೆ ಹಾಲಿನ ಗಾಡಿ ಬಂದುಬಿಡುತ್ತೆ. ನಾವು ನಾಲ್ಕಕ್ಕೇ ಶುರು ಮಾಡ್ತೀವಪ್ಪ."

"ನಾಲ್ಕಕ್ಕಾ? ಆಗ ಸೂರ್ಯ ಎಲ್ಲಿರ್ತಾನೆ?"

"ಬ್ಯಾಟರಿ ಇರುತ್ತಲ್ಲ," ಎಂದ ಲಾಯರ್.

"ಎಲ್ಲಿದೆ ಸಾರ್? ನಿಮಗೆ ಬಂದಿರೋದು ಬ್ಯಾಟರಿ ಇಲ್ಲದ್ದು." ಫಿಟ್ಟರ್ ಚೀಲದಿಂದ ಅರ್ಜಿಯ ನಕಲು ತೆಗೆದ. 'ಬಳಕೆಯ ವೇಳೆ' ಎಂಬ ಸಾಲಿನ ಮುಂದೆ ಎರಡು ಚೌಕ, ಹಗಲು ಒಂದು, ರಾತ್ರಿ ಒಂದು. ಹಗಲಿನ ಚೌಕದಲ್ಲಿ ಲಾಯರ್ ಹಾಕಿದ್ದ ಗುರುತು ಅಂದವಾಗಿ ಕೂತಿತ್ತು. "ರಾತ್ರಿ ಅಂತ ಹಾಕಿದೋರಿಗೆ ಬ್ಯಾಟರಿ ಕೊಟ್ಟಿದಾರೆ ಸಾರ್."

"ನಾಲ್ಕು ಗಂಟೆ ಅಂದ್ರೆ ರಾತ್ರಿನೇನ್ರಿ?" ಲಾಯರ್ ದನಿ ಏರಿತು. "ಬೆಳಗಿನ ಜಾವ ಅಲ್ವಾ ಅದು?"

"ನಿಮಗೆ ಬೆಳಗು ಸಾರ್. ಪ್ಯಾನಲ್ಲಿಗೆ ರಾತ್ರಿ."

ಮೂರು ಸಲ ಓದಿದ್ದ ಅರ್ಜಿಯಲ್ಲಿ ಅವನಿಗೆ ಅನುಮಾನವೇ ಬಾರದಿದ್ದ ಸಾಲು ಅದೊಂದೇ. ನಾಲ್ಕಕ್ಕೆ ಏಳುವವರ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ರಾತ್ರಿ ಎಂದರೆ ಮಲಗುವ ಹೊತ್ತು, ಅಷ್ಟೆ.

"ಸಂಜೆ ಹಸು ಮೇಯ್ದು ಬಂದ ಮೇಲಾದ್ರೂ ಆಗುತ್ತೇನಪ್ಪಾ?" ಅಕ್ಕ ಕೇಳಿದಳು.

ಫಿಟ್ಟರ್ ಮಾಡಿನ ಕಡೆ ನೋಡಿದ. "ಬೆಳಗಿನ ಕೆಲಸ ಅಂತ ಸಾರೇ ನಿಂತು ಪ್ಯಾನಲ್ ಪೂರ್ವದ ಕಡೆಗೆ ಹಾಕಿಸಿದ್ರಲ್ಲ ಅಕ್ಕಾ. ಮೂರರ ಮೇಲೆ ಮೋಟಾರ್ ಎಳೆಯಲ್ಲ. ಮೋಟಾರಿಗೆ ಕರೆಂಟ್ ಕೊಡೋ ಈ ಪೆಟ್ಟಿಗೆ ಹೊರಗಿನ ಬ್ಯಾಟರಿನೂ ಹಿಡಿಯಲ್ಲ."

ಲಾಯರ್ ಅಲ್ಲೇ ನಿಂತು ಕಚೇರಿಗೆ ಫೋನ್ ಮಾಡಿದ. ಒಂದು ಕೊಟ್ಟಿಗೆಗೆ ಒಂದೇ ಸಲ, ಬದಲಾಯಿಸಲು ಐದು ವರ್ಷ ಕಳೆಯಬೇಕು ಎಂದರು. ಯಾರಿಗೆ ಬರೆಯಲಿ ಎಂದು ಕೇಳಿದ. ಯಾರಿಗಾದರೂ ಬರೆಯಿರಿ ಎಂದು ಫೋನ್ ಇಟ್ಟರು. ಫಿಟ್ಟರ್ ಏಣಿಯನ್ನು ಗಾಡಿಗೆ ಕಟ್ಟತೊಡಗಿದ. "ನಾನು ಜೋಡಿಸೋನು ಸಾರ್, ಬರೆಯೋನಲ್ಲ," ಎಂದು ಹೋಗುವಾಗ ಹೇಳಿದ, ತಪ್ಪು ತನ್ನದೇ ಎಂಬಂತೆ.

ಅಕ್ಕ ಬಾಯಿಗೆ ಬಂದಂತೆ ಬೈದಿದ್ದರೆ ಲಾಯರ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಸಂಜೆ ಬಕೆಟ್ ಹಿಡಿದು ಮಾಮೂಲಿನಂತೆ ಕೂತಳು. ಮೂರನೆಯ ಹಸುವಿಗೆ ಬರುವಷ್ಟರಲ್ಲಿ ಬೆರಳುಗಳು ತಾವಾಗಿ ಮಡಚಿಕೊಳ್ಳದಾದವು, ಮಂಡಿಗೆ ಒತ್ತಿ ಒತ್ತಿ ಮಡಚಿಕೊಂಡಳು. ನೋಡಲಾಗದೆ ಅವನು, "ಹಸುಗಳನ್ನ ಮಾರಿಬಿಡೋಣ ಅಕ್ಕಾ," ಎಂದ.

"ಮಾರಿ? ನೀನೇನೋ ಅರ್ಜಿ ಬರ್ಕೊಂಡು ಕೂರ್ತೀಯ. ಈ ಕೈಗೆ ಬೇರೆ ಯಾವ ಕೆಲಸ ಕೊಡ್ತಾರೆ ಹೇಳು?"

ಅವನು ನಾಚಿಕೆಯಿಂದ ಕುಗ್ಗಿಹೋಗಿ, ತುಂಬಿದ ಬಕೆಟ್ ಎತ್ತಿಕೊಂಡು ಹೊರಗೆ ನಡೆದ.

ಮಾರನೆಯ ದಿನ ಮಧ್ಯಾಹ್ನ ಮೇವು ಹೊತ್ತು ತರುತ್ತಿದ್ದವನಿಗೆ ಕೊಟ್ಟಿಗೆಯಿಂದ ಟಕ್‌ಟಕ್ ಸದ್ದು ಕೇಳಿಸಿತು. ಹಸುಗಳೆಲ್ಲ ಮೇಯಲು ಹೋಗಿದ್ದವು. ಒಳಗೆ ಯಂತ್ರದ ಪಕ್ಕ ಅಕ್ಕ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಮೋಟಾರಿನ ಮೇಲೆ ಊರಿ ಕಣ್ಣು ಮುಚ್ಚಿದ್ದಳು.

"ಬಿಸಿ ಇದೆ ಕಣೋ," ಎಂದಳು ತಿರುಗದೆ. "ನಡುಗುತ್ತಲ್ಲ, ಬೆರಳಿಗೆ ಚೂರು ಗೊತ್ತಾಗುತ್ತೆ. ಆರಿಸಬೇಡ. ಮೂರು ಗಂಟೆ ತನಕ ಇರುತ್ತಲ್ಲ."

ಲಾಯರ್ ಮೇವಿನ ಹೊರೆ ಇಳಿಸಿ ಬಾಗಿಲಲ್ಲೇ ಕೂತ. ಮೋಡವೊಂದು ಅಡ್ಡ ಬಂದು ಮೋಟಾರಿನ ಸದ್ದು ಕುಗ್ಗಿದಾಗ ಅಕ್ಕ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದಳು.