ತಿದ್ದಬಾರದ ಕಾಲಂ

ಅಣ್ಣಯ್ಯನವರು ನನ್ನ ಶೀಟಿನಲ್ಲಿ ಕೈಯಾಡಿಸಿ ಅದು ನನ್ನ ತಲೆಗೆ ಬಂದದ್ದು ನವೆಂಬರ್ ಹದಿನೈದು, ಶನಿವಾರ. ತಾರೀಖು ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆಫೀಸಿನಲ್ಲಿ ಆಡದೆ ನುಂಗಿಕೊಂಡ ಮಾತನ್ನೆಲ್ಲ ಸಂಜೆ ಹೊಳೆನರಸೀಪುರದ ಬಸ್ಸಿನಲ್ಲಿ ಕೂತು ಡೈರಿಗೆ ಬರೆಯುವ ಅಭ್ಯಾಸ ನನಗಿದೆ. ಆ ದಿನದ ಪುಟ ಪೂರ್ತಿ ತುಂಬಿದೆ.

ಚನ್ನರಾಯಪಟ್ಟಣದಲ್ಲಿ ಹೊಲದ ಮಷಿನ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಕೇಂದ್ರದಲ್ಲಿ ನನಗೆ ಕೆಲಸ. ಬಿ.ಕಾಂ. ಮುಗಿಸಿ ಜೂನ್‌ನಲ್ಲಿ ಸೇರಿದೆ. ಮೊದಲ ಆರು ತಿಂಗಳು ನೋಡಿ, ಒಪ್ಪಿಗೆಯಾದರೆ ಕಾಯಂ ಮಾಡುವ ಕರಾರು. ನವೆಂಬರ್ ಕೊನೆಗೆ ಆರು ತಿಂಗಳು ಮುಗಿಯುವುದಿತ್ತು. ಅಷ್ಟರಲ್ಲಿ ರಾಗಿ ಕಟಾವು ಶುರುವಾಯಿತು. ನಮ್ಮಲ್ಲಿ ಇರುವುದು ಒಂದೇ ಕಟಾವು ಮಷಿನ್, ಕೇಳುವವರು ಅರವತ್ತು ಮನೆಯವರು. ಯಾರ ಹೊಲಕ್ಕೆ ಯಾವ ತಾರೀಖು ಎಂಬ ಸರದಿಯನ್ನು ನಾನು ಎಕ್ಸೆಲ್‌ನಲ್ಲಿ ಮಾಡಿಟ್ಟಿದ್ದೆ. ಮೊದಲು ಹೆಸರು ಬರೆಸಿದವರಿಗೆ ಮೊದಲು, ಅಷ್ಟೇ. ಆದರೆ ಆಫೀಸಿಗೆಲ್ಲ ಒಂದೇ ಕಂಪ್ಯೂಟರ್. ನಾನು ಎದ್ದರೆ ಫೋನ್ ನೋಡಿಕೊಳ್ಳುವ ಪ್ರೇಮಕುಮಾರಿ ಕೂರುತ್ತಾಳೆ, ಅವಳು ಎದ್ದರೆ ಅಣ್ಣಯ್ಯನವರು. ಅವರು ನಮ್ಮ ಸೂಪರ್‌ವೈಸರ್. ಸುತ್ತಲ ಹಳ್ಳಿಗಳ ಹೊಲದ ಬದುಗಳೆಲ್ಲ ಅವರಿಗೆ ಬಾಯಿಪಾಠ. ಕೀಬೋರ್ಡ್ ಮಾತ್ರ ಒಂದೇ ಬೆರಳಿನಲ್ಲಿ ಒತ್ತುತ್ತಾರೆ.

ಆ ಒಂದು ಬೆರಳಿನಿಂದ ಸೋಮವಾರದ ಒಬ್ಬರನ್ನು ಶನಿವಾರಕ್ಕೆ ತಂದರು. ಶನಿವಾರ ಆಗಲೇ ಹಿರೀಸಾವೆಯ ದೇವರಾಜು ಇದ್ದರು. ಅವರನ್ನು ಎಲ್ಲಿಗೂ ಸರಿಸಲಿಲ್ಲ. ಒಂದೇ ಮಷಿನ್, ಎರಡು ಹೊಲ. ದೇವರಾಜು ಟಾರ್ಪಾಲು ಹಾಸಿಕೊಂಡು ಹೊತ್ತು ಮುಳುಗುವವರೆಗೂ ಕಾದು, ಆಮೇಲೆ ಫೋನಿನಲ್ಲಿ ನಮ್ಮ ಮ್ಯಾನೇಜರ್ ಪ್ರಸನ್ನಕುಮಾರ್ ಅವರ ಕಿವಿ ಕಾಯಿಸಿದರು.

"ಶೀಟ್ ಯಾರ್ದಮ್ಮ?" ಎಂದು ಸಾರ್ ಕೇಳಿದರು.

"ನಂದು ಸಾರ್."

"ಮತ್ತೆ?"

ಉತ್ತರ ನನ್ನಿಂದ ಎರಡು ಮಾರು ಆಚೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿತ್ತು. "ಇನ್ನೊಂದ್ಸಲ ಹಿಂಗಾದ್ರೆ ನಾನು ನಿನ್ನ ಕಾಯಂ ಆರ್ಡರ್‌ಗೆ ಬರೆಯಕ್ಕಾಗಲ್ಲ ಕಣಮ್ಮ," ಎಂದು ಸಾರ್ ಒಳಗೆ ಹೋದರು. ಅಣ್ಣಯ್ಯನವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು.

ದಯವಿಟ್ಟು ತಾರೀಖು ತಿದ್ದಬೇಡಿ ಅಣ್ಣಯ್ಯನೋರೇ. ಈ ಒಂದು ವಾಕ್ಯವನ್ನು ಅಂದು ಬಸ್ಸಿನಲ್ಲಿ ಬೇರೆ ಬೇರೆ ರೀತಿ ಹನ್ನೊಂದು ಸಲ ಬರೆದೆ. ಒಂದನ್ನೂ ಎದುರಿಗೆ ನಿಂತು ಹೇಳುವ ಧೈರ್ಯವಿರಲಿಲ್ಲ. ಅಪ್ಪನ ವಯಸ್ಸಿನವರು. ನಾನು ಜೋರಾಗಿ ಸೀನಿದರೂ ನಾಚಿಕೊಳ್ಳುವ ಹುಡುಗಿ.

ಹಾಗಾಗಿ ಶೀಟಿನ ಕೈಲೇ ಹೇಳಿಸೋಣ ಎಂದುಕೊಂಡೆ.

ಮೊದಲು ತಾರೀಖಿನ ಕಾಲಂಗೆ ಪಾಸ್‌ವರ್ಡ್ ಹಾಕಿದೆ. ಸೋಮವಾರ ಬೆಳಿಗ್ಗೆಯೇ ಸಾರ್ "ಪಾಸ್‌ವರ್ಡ್ ನನ್ ಹತ್ರನೂ ಇರ್ಲಿ" ಎಂದು ಕೇಳಿ ಪಡೆದು, ಮರೆತುಹೋಗದ ಹಾಗೆ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆಮೇಲೆ ಮ್ಯಾಕ್ರೋ. ಶೀಟಿನೊಳಗೇ ಬರೆದು ಬಚ್ಚಿಡುವ ಆಜ್ಞೆ ಅದು: ಯಾರಾದರೂ ಈ ಕಾಲಂ ಮುಟ್ಟಿದರೆ ಹಳೆಯ ತಾರೀಖನ್ನೇ ವಾಪಸ್ ತಾ, ಒಂದು ಸಂದೇಶ ತೋರಿಸು ಎಂದು ಹೇಳಿಡಬಹುದು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಸಂದೇಶವನ್ನು ಎಷ್ಟು ಮರ್ಯಾದೆಯಿಂದ ಬರೆದಿದ್ದೆ! ಒತ್ತಿ ನೋಡಿದರೆ ಕನ್ನಡ ಅಕ್ಷರಗಳ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಸಂದೇಶ ತೋರಿಸುವ ಆ ಡಬ್ಬಿಗೆ ಕನ್ನಡ ಬರುವುದಿಲ್ಲವಂತೆ. ಕೊನೆಗೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ: ಇಲ್ಲಿ ತಿದ್ದಬೇಡಿ, ಬದಲಾವಣೆ ಬೇಕಾದರೆ ಬಿಂದುಶ್ರೀಯನ್ನು ಕೇಳಿ. ಬಿಂದುಶ್ರೀ ಎಂದರೆ ನಾನೇ.

ಮಾರನೆಯ ದಿನ ನೋಡುತ್ತೇನೆ, ಎರಡು ತಾರೀಖು ಬದಲಾಗಿವೆ. ಮ್ಯಾಕ್ರೋ ಉಸಿರೇ ಎತ್ತಿಲ್ಲ. ಪ್ರೇಮಕುಮಾರಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಮೇಲೆ ಹಳದಿ ಪಟ್ಟಿ ಬರ್ತದಲ್ಲ, ಎನೇಬಲ್ ಗಿನೇಬಲ್ ಅಂತ, ಅದ್ನ ಒತ್ತಿದ್ರೆ ತಾನೇ ನಿನ್ ಮ್ಯಾಕ್ರೋ ಏಳೋದು? ನಾವು ಅದ್ನ ಕಂಡ ತಕ್ಷಣ ಮುಚ್ಚಿಬಿಡ್ತೀವಿ ಕಣೇ. ವೈರಸ್ ಬರ್ತದೆ, ಹಳದಿ ಕಂಡ್ರೆ ಇಂಟು ಒತ್ತಿ ಅಂತ ಹೋದೊರ್ಷ ಸಾರೇ ಹೇಳ್ಕೊಟ್ಟವ್ರೆ."

ಅಳು ಬಂತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ. ಬುಧವಾರ ಹೊಸದಾಗಿ ಬರೆದೆ. ಹಳದಿ ಪಟ್ಟಿಯ ಗುಂಡಿ ಒತ್ತದಿದ್ದರೆ ಸರದಿಯ ಪಟ್ಟಿಯೇ ಕಾಣಬಾರದು, ಖಾಲಿ ಹಾಳೆ ಮಾತ್ರ ಕಾಣಬೇಕು. ಒತ್ತಿದರೆ ಪಟ್ಟಿ ಕಾಣುತ್ತದೆ, ಕಾವಲೂ ಎದ್ದು ಕೂರುತ್ತದೆ. ಜೊತೆಗೆ ಒಂದು ಗುಪ್ತ ಹಾಳೆ. ಯಾರ ತಾರೀಖನ್ನು ಎಷ್ಟು ಹೊತ್ತಿಗೆ ತಿದ್ದಲು ನೋಡಿದರು ಎಂಬುದೆಲ್ಲ ಅಲ್ಲಿ ತಾನಾಗಿ ದಾಖಲಾಗುತ್ತದೆ. ಮುಂದಿನ ಸಲ ಸಾರ್ "ಮತ್ತೆ?" ಎಂದರೆ ನಾನು ಬಾಯಿ ಬಿಡಬೇಕಾಗಿಲ್ಲ, ಹಾಳೆ ತೆರೆದು ತೋರಿಸಿದರೆ ಸಾಕು. ಇದಕ್ಕೆ ಹೊಸ ಪಾಸ್‌ವರ್ಡ್ ಇಟ್ಟೆ, ಯಾರಿಗೂ ಹೇಳಲಿಲ್ಲ.

ಗುರುವಾರ ಅಣ್ಣಯ್ಯನವರು ಕಂಪ್ಯೂಟರ್ ಮುಂದೆ ಕೂತರು. ಟಣ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್. ಮತ್ತೊಂದು ಸಲ ಟಣ್. ನಾನು ರಸೀದಿ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದೆ. ಒಳಗೊಳಗೇ ಖುಷಿ.

"ಏನವ್ವಾ ಪ್ರೇಮಾ, ಇದು ನನ್ನೇ ಗದರಿಸ್ತದಲ್ಲ! ಬಿಂದುಶ್ರೀನ ಕೇಳು ಅಂತದೆ. ಕಂಪ್ಯೂಟ್ರೂ ಇವಳ ಕಡೀಕ್ ಆಗ್ಬುಡ್ತಾ?"

"ಕೇಳಿ ಮತ್ತೆ, ಇಲ್ಲೇ ಕೂತವ್ಳೆ," ಎಂದಳು ಅವಳು.

ಅವರು ನನ್ನ ಕಡೆ ನೋಡಿದರು. ನಾನು ತಲೆ ಎತ್ತಲಿಲ್ಲ. "ಸ್ವಾಮಾರ ಕಣ್ರವ್ವಾ, ಸ್ವಾಮಾರ," ಎಂದು ಯಾರಿಗೂ ಅಲ್ಲದ ಹಾಗೆ ಗೊಣಗಿದರು. "ಓಗ್ಲಿ ಬುಡು. ಓದಿರೋರಿಗೆ ನಾವೇನ್ ಯೋಳದು." ಟವೆಲ್ ಒದರಿ ಎದ್ದುಹೋದರು. ಅವರು ಹೇಳಿದ್ದು ಸೋಮವಾರ ಎಂದು ನನಗೂ ತಿಳಿಯಿತು. ಸೋಮವಾರಕ್ಕೇನಂತೆ? ಕೇಳಬಹುದಿತ್ತು. ಕೇಳಲಿಲ್ಲ. ಗೆದ್ದೆ ಎಂದು ಅಂದಿನ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ.

ಇಪ್ಪತ್ನಾಲ್ಕನೇ ತಾರೀಖು, ಸೋಮವಾರ. ಪಟ್ಟಿಯ ಪ್ರಕಾರ ಮಷಿನ್ ದಂಡಿಗನಹಳ್ಳಿಯ ರುದ್ರಯ್ಯ ಎಂಬುವರ ಹೊಲಕ್ಕೆ ಹೋಯಿತು. ಹತ್ತು ಗಂಟೆಗೆ ಡ್ರೈವರ್ ಮನುವಿನ ಫೋನ್. ಸಾರ್ ಸ್ಪೀಕರ್ ಹಾಕಿದರು.

"ಸಾ, ಹೊಲಕ್ಕೆ ಇಳಿಸ್ಬ್ಯಾಡ ಅಂತವ್ರೆ ಸಾ. ಅಡ್ಡ ನಿಂತವ್ರೆ. ತಗಳಿ, ನೀವೇ ಮಾತಾಡಿ."

ರುದ್ರಯ್ಯನವರ ಗಂಟಲು ಆಫೀಸಿಗೆಲ್ಲ ಕೇಳಿತು. "ಅಲ್ಲ ಸಾ, ಸ್ವಾಮಾರ ಯಾರಾದ್ರೂ ಮಷಿನ್ ಕಳುಸ್ತಾರಾ? ಸ್ವಾಮಾರ ಎತ್ತಿನ ಕುತ್ಗೆ ಮ್ಯಾಲೆ ನೊಗ ಮಡಗಾಕಿಲ್ಲ ನಮ್ಮನೇಲಿ. ಬಸವಣ್ಣನ ವಾರ. ನಿಮ್ ಮಷಿನ್ನು ನೂರೆತ್ತಿನ ಗೇಮೆ ಮಾಡ್ತದೆ, ಅದುಕ್ಕೆ ಬ್ಯಾರೆ ಕಾನೂನಾ?"

"ನೀವು ಎತ್ತು ಮಾರಿ ಎಂಟು ವರ್ಷ ಆಯ್ತಲ್ಲ ಯಜಮಾನ್ರೇ?" ಎಂದರು ಸಾರ್.

"ಎತ್ತು ಮಾರಿವ್ನಿ. ಸ್ವಾಮಾರ ಮಾರಿಲ್ಲ."

ಫೋನ್ ಕಟ್ಟಾಯಿತು. ಬೇರೆಯವರ ಹೊಲಕ್ಕೆ ಕಳಿಸೋಣವೆಂದರೆ ಆಳು ಟಾರ್ಪಾಲು ಸಿದ್ಧಮಾಡಿಕೊಂಡವರು ಯಾರೂ ಇಲ್ಲ. ಮಷಿನ್ ಖಾಲಿ ವಾಪಸ್ ಬಂತು. ಹಿಂದಿರುವ ಎಲ್ಲರ ಸರದಿ ಒಂದೊಂದು ದಿನ ಹಿಂದಕ್ಕೆ ಹೋಯಿತು. ಮೋಡ ಬೇರೆ ಕಟ್ಟಿಕೊಂಡಿತ್ತು. ಪ್ರೇಮಕುಮಾರಿ ಮಧ್ಯಾಹ್ನದವರೆಗೂ ಮನೆಮನೆಗೆ ಫೋನ್ ಮಾಡಿ ಬೈಸಿಕೊಂಡಳು.

"ಯಾರು ಕೈಯಾಡಿಸಿದ್ದು ಈ ಸಲ?" ಎಂದರು ಸಾರ್.

ಆ ಗಳಿಗೆಗಾಗಿಯೇ ನಾನು ಕಾದಿದ್ದೆ. ಏನೂ ಮಾತಾಡದೆ ಗುಪ್ತ ಹಾಳೆ ತೆರೆದೆ. ಸಾರ್ ಬಗ್ಗಿ ಗಟ್ಟಿಯಾಗಿ ಓದಿದರು.

"ನವೆಂಬರ್ ಇಪ್ಪತ್ತು, ಹನ್ನೊಂದು ನಲವತ್ತೆರಡು. ದಂಡಿಗನಹಳ್ಳಿ ರುದ್ರಯ್ಯ. ಇಪ್ಪತ್ನಾಲ್ಕು ತೆಗೆದು ಇಪ್ಪತ್ತೈದು ಹಾಕಲು ಪ್ರಯತ್ನ. ತಡೆಯಲಾಗಿದೆ. ಹನ್ನೊಂದು ನಲವತ್ನಾಲ್ಕು, ತಡೆಯಲಾಗಿದೆ. ಹನ್ನೊಂದು ನಲವತ್ತೇಳು, ತಡೆಯಲಾಗಿದೆ." ತಲೆ ಎತ್ತಿದರು. "ಅಣ್ಣಯ್ಯ ಮೂರು ಸಲ ಮಂಗಳವಾರಕ್ಕೆ ಹಾಕಕ್ಕೆ ನೋಡವ್ರೆ. ತಡೆದಿದ್ದು ಯಾರಮ್ಮ?"

ನನ್ನನ್ನು ಕಾಯಲೆಂದು ನಾನೇ ಬರೆದ ಸಾಕ್ಷಿ. ಒಂದು ನಿಮಿಷವೂ ತಪ್ಪದೆ ನನ್ನ ವಿರುದ್ಧ ಹೇಳುತ್ತಿತ್ತು.

ಸಾರ್ ಬಾಗಿಲು ಎಳೆದುಕೊಂಡು ಒಳಹೋದರು. ಅಣ್ಣಯ್ಯನವರು ಮೂಲೆಯಲ್ಲಿ ನಿಂತಿದ್ದರು. ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ನಗಲಿಲ್ಲ, ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ಅದೇ ಸಿಟ್ಟು ಬರಿಸಿತು. ಎದ್ದು ಅವರ ಮುಂದೆ ಹೋಗಿ ನಿಂತೆ.

"ನಿಮಗೆ ಗೊತ್ತಿತ್ತು. ಸೋಮವಾರ ಬೇಡ ಅಂತ ಬಾಯಿಬಿಟ್ಟು ಒಂದು ಮಾತು ಹೇಳಕ್ಕೇನಾಗಿತ್ತು? ಪ್ರತಿ ಸಲ ಕಳ್ಳರ ಥರ ತಿದ್ದೋದು, ಬೈಸ್ಕೊಳ್ಳೋದು ನಾನು!"

ನನ್ನ ಧ್ವನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಪ್ರೇಮಕುಮಾರಿ ಕೈಯಲ್ಲಿದ್ದ ಫೋನ್ ಕೆಳಗಿಟ್ಟಳು.

ಅಣ್ಣಯ್ಯನವರು ತಬ್ಬಿಬ್ಬಾದರು. "ಯೋಳದೇನವ್ವಾ ಅದುನ್ನ? ಸ್ವಾಮಾರ ಎತ್ತಿಗೆ ಆರು ಕಟ್ಟಾಕಿಲ್ಲ ಅನ್ನದು ಮಕ್ಳಿಗೂ ಗೊತ್ತು."

"ನಮ್ಮಪ್ಪ ಟೈಲರ್. ನಮ್ಮನೇಲಿ ಎತ್ತೇ ಇಲ್ಲ. ನನಗೆ ಹೆಂಗೆ ಗೊತ್ತಾಗ್ಬೇಕು?"

"ನೀನಾದ್ರೂ ಯಾಕ್ ತಿದ್ತೀರಿ ಅಂತ ಕೇಳ್ಬೋದಿತ್ತು. ಬಂದಾಗಿಂದ ನೀನು ನನ್ ತಾವ ನಾಕು ಮಾತಾಡಿದ್ದೀಯಾ? ಡಬ್ಬಿ ಕೈಲಿ ಗದರಿಸ್ತೀಯ."

ಕುರ್ಚಿ ಎಳೆದು ಕಂಪ್ಯೂಟರ್ ಪಕ್ಕಕ್ಕೆ ಹಾಕಿ, "ಕೂತ್ಕೊಳ್ಳಿ," ಎಂದೆ. ಪಟ್ಟಿಯಲ್ಲಿ ಹೊಸ ಕಾಲಂ ತೆರೆದು ಬೇಡದ ವಾರ ಎಂದು ಹೆಸರಿಟ್ಟೆ. ಅವರು ಒಂದೊಂದು ಮನೆಯನ್ನೂ ಹೇಳುತ್ತ ಹೋದರು: ಇವರಿಗೆ ಸೋಮವಾರ, ಅವರ ಮನೆದೇವರಿಗೆ ಶನಿವಾರ, ಇವರು ಅಮಾವಾಸ್ಯೆ ಒಂದು ಬಿಟ್ಟರೆ ಏನೂ ನೋಡುವುದಿಲ್ಲ. ಒಂದು ಚೀಟಿಯೂ ಇಲ್ಲದೆ ಅರವತ್ತು ಮನೆ. ಬರೆಯುತ್ತ ಬರೆಯುತ್ತ ಅವರ ಹಳೆಯ ತಿದ್ದುಪಡಿಗಳಿಗೆ ಒಂದೊಂದಾಗಿ ಅರ್ಥ ಸಿಗುತ್ತಿತ್ತು. ಹಿರೀಸಾವೆ ಕಡೆಯ ಒಂದಕ್ಕೆ ಮಾತ್ರ ಸಿಗಲಿಲ್ಲ.

"ತಿಮ್ಮಪ್ಪ ಅನ್ನೋರನ್ನ ಹೋದ ಮಂಗಳವಾರ ಒಂಬತ್ತು ಜನರನ್ನ ದಾಟಿಸಿ ಮೇಲೆ ತಂದಿದ್ರಿ. ಅವರಿಗೆ ಯಾವ ವಾರ ಬೇಡ?"

ಅಣ್ಣಯ್ಯನವರು ಕೆಮ್ಮಿದರು. "ಅದು ವಾರ ಅಲ್ಲ ಕಣವ್ವಾ. ನಮ್ ಬಾಮೈದ ಅವ್ನು."

ಪ್ರೇಮಕುಮಾರಿ ಕಿಸಕ್ಕೆಂದಳು. ನಾನು ನಗಲಿಲ್ಲ. "ವಾರ ಬರೀತೀನಿ. ಬಾಮೈದನ್ನ ಬರಿಯಲ್ಲ," ಎಂದು ತಿಮ್ಮಪ್ಪನವರನ್ನು ಅವರ ಹಳೆಯ ಜಾಗಕ್ಕೆ ಇಳಿಸಿದೆ.

ಶನಿವಾರ ಸಾರ್ ಒಳಗೆ ಕರೆದರು. ಹೊಸ ಪಟ್ಟಿಯ ಪ್ರಕಾರ ಐದು ದಿನ ಮಷಿನ್ ಒಂದು ಕಡೆಯೂ ತಪ್ಪಿರಲಿಲ್ಲ. ಅದನ್ನು ಹೇಳಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದೆ, ಹೇಳಿದೆ ಕೂಡ. ಸಾರ್ ತಲೆಯಾಡಿಸಿದರು.

"ಸರಿ ಹೋಗ್ತಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಎರಡು ಕಂಪ್ಲೇಂಟ್ ಮೇಲಕ್ಕೆ ಹೋಗವೆ. ಇನ್ನೊಂದು ಮೂರು ತಿಂಗಳು ನೋಡೋಣ. ಹಾಂ, ಆ ಹೊಸ ಪಾಸ್‌ವರ್ಡ್ ಹೇಳಮ್ಮ." ಪೆನ್ನಿನ ಮುಚ್ಚಳ ತೆಗೆದು ಕ್ಯಾಲೆಂಡರಿನ ಡಿಸೆಂಬರ್ ಪುಟ ತಿರುಗಿಸಿಕೊಂಡಿದ್ದರು.

ಮೂರು ತಿಂಗಳು. ಕೆಲಸ ಹೋಗಲಿಲ್ಲ, ಸಿಗಲೂ ಇಲ್ಲ.

"ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಕೊಡ್ತೀನಿ ಸಾರ್. ಬೀರುವಿನಲ್ಲಿ ಇಡಿ. ಗೋಡೆ ಮೇಲೆ ಬೇಡ," ಎಂದೆ.

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಪೆನ್ನು ಮುಚ್ಚಿದರು.

ಹೊರಗೆ ಬಂದು ಕೂತೆ. ಕಣ್ಣು ಉರಿಯುತ್ತಿತ್ತು. ಪಕ್ಕದಲ್ಲಿ ಕಂಪ್ಯೂಟರ್ ಟಣ್ ಎಂದಿತು.

"ಬಿಂದವ್ವಾ," ಎಂದರು ಅಣ್ಣಯ್ಯನವರು, ತೆರೆಯಿಂದ ಕಣ್ಣು ತೆಗೆಯದೆ. "ಬಿಂದುಶ್ರೀನ ಕೇಳು ಅಂತದೆ. ಅದ್ಕೇ ಕೇಳ್ತಾ ಇವ್ನಿ. ನಮ್ ತಿಮ್ಮಪ್ಪನ್ದು ಒಂದೆರಡು ದಿನ ಮುಂಚೆ..."

"ಆಗಲ್ಲ ಅಣ್ಣಯ್ಯನೋರೇ."

"ಒಂದಿನ?"

"ಒಂದಿನಾನೂ ಆಗಲ್ಲ," ಎಂದೆ. ಈ ಸಲ ಡೈರಿಯಲ್ಲಿ ಬರೆಯಲು ಏನೂ ಉಳಿದಿರಲಿಲ್ಲ.