ಎಡ ರಟ್ಟೆಯ ತಾಯತ

ನಾನು ಒಂದು ಕ್ಯಾಮೆರಾ. ಈಗಿನವರು ಕಿಸೆಯಿಂದ ತೆಗೆಯುವಂಥದ್ದಲ್ಲ. ಒಂದರ ಮೇಲೊಂದು ಎರಡು ಕಣ್ಣುಗಳಿರುವ, ಡಬ್ಬಿಯಂಥ ಹಳೇ ಕ್ಯಾಮೆರಾ. ಜಪಾನಿನ ಕಾರ್ಖಾನೆಯೊಂದರಲ್ಲಿ, ಬಿಳಿ ಕೈಗವಸು ತೊಟ್ಟ ಹೆಣ್ಣುಮಗಳೊಬ್ಬಳು ನನ್ನ ಹೊಟ್ಟೆಯೊಳಗೆ ಪುಟ್ಟ ಕನ್ನಡಿಯೊಂದನ್ನು ಓರೆಯಾಗಿ ಕೂರಿಸಿದ ದಿನ ನಾನು ಹುಟ್ಟಿದೆ. ನನ್ನನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನಿಂದ ಇಣುಕಬೇಕು. ಹಾಗೆ ಇಣುಕಿದವರಿಗೆ ಆ ಕನ್ನಡಿಯ ದೆಸೆಯಿಂದ ಎಡಗಡೆಯದು ಬಲಗಡೆಗೂ ಬಲಗಡೆಯದು ಎಡಗಡೆಗೂ ಕಾಣುತ್ತದೆ. ಫೋಟೋದಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಬರುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆಯೆಲ್ಲ ಈ ಎಡಬಲದಲ್ಲೇ ಇದೆ.

ಮುಂಬೈಯ ಅಂಗಡಿಯಿಂದ ನನ್ನನ್ನು ಜಮಖಂಡಿಗೆ ತಂದವನು ಪಾಯಪ್ಪ ಚೌಗಲಾ. ಬಸ್ಸಿನಲ್ಲಿ ಇಡೀ ದಾರಿ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಊರಲ್ಲಿ ಬೇರೆ ಫೋಟೋದವರೂ ಇದ್ದರು. ಅವರೆಲ್ಲ ಮದುವೆ, ಜವಳ ಎಂದು ಓಡಾಡಿದರೆ ಪಾಯಪ್ಪನಿಗೆ ಕುಸ್ತಿಯದೇ ಹುಚ್ಚು. ಅಖಾಡದ ಅಂಚಿನಲ್ಲಿ ಬೋರಲು ಬಿದ್ದು, ನನ್ನನ್ನು ನೆಲಕ್ಕೆ ಆನಿಸಿ ಕಾಯುತ್ತಿದ್ದ. ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿದ ಕೆಮ್ಮಣ್ಣು ನನ್ನ ಮುಖಕ್ಕೆ ಸಿಡಿಯುತ್ತಿತ್ತು. "ಪೈಲವಾನನ ಮಾರಿ ಯಾಂವರ ತೆಗೀತಾನ. ನಾ ಬೆನ್ನು ತೆಗೀತೇನಿ, ಬೆನ್ನು!" ಎನ್ನುತ್ತಿದ್ದ.

ಕುಸ್ತಿಯಲ್ಲಿ ಸೋಲು ಗೆಲುವು ನಿಲ್ಲುವುದು ಬೆನ್ನಿನ ಮೇಲೆ. ಎರಡೂ ಹೆಗಲು ನೆಲಕ್ಕೆ ತಾಗಿ ಮಣ್ಣು ಹತ್ತಿತೋ, ಅವನು ಚಿತ್.

ಊರಿನ ಹೆಮ್ಮೆಯ ಪೈಲವಾನ ಲಾಡಸಾಬ ನದಾಫ. ಎಡ ರಟ್ಟೆಗೆ ಕರಿ ದಾರದ ತಾಯತ ಕಟ್ಟಿದ ಆಳು. ಅವನನ್ನು ಮಗನಂತೆ ಬೆಳೆಸಿದವರು ಗರಡಿಯ ಗುರು ಮುರಗೆಪ್ಪ ವಸ್ತಾದರು. ಪಾಯಪ್ಪನಿಗೂ ಲಾಡಸಾಬನಿಗೂ ಎಂಥ ಸ್ನೇಹ ಅಂತೀರಿ! "ಏ ಡಬ್ಬಿ, ಇವತ್ತ ಯಾವ ಮಗ್ಗಲಾ ತೆಗೀತಿ?" ಎಂದು ಲಾಡಸಾಬ ಅಖಾಡಕ್ಕೆ ಇಳಿಯುವ ಮೊದಲು ನನ್ನನ್ನೇ ಮಾತಾಡಿಸುತ್ತಿದ್ದ.

ಆ ವರ್ಷ ಬೆಳ್ಳಿ ಗದೆಯ ಕುಸ್ತಿ. ಎದುರಾಳಿ ಮಿರಜದವನು. ಅವನನ್ನು ಸಾಕಿದವರು ಜಮಖಂಡಿಯಲ್ಲೇ ಹೊಲಿಗೆ ಮಷೀನಿನ ದೊಡ್ಡ ಅಂಗಡಿ ಇಟ್ಟ ತವನಪ್ಪ ಶೇಠ. ಇಬ್ಬರೂ ಉರುಳಿದರು. ಮಣ್ಣು ಹಾರಿತು. ತೀರ್ಪು ಹೇಳುವ ಪಂಚ ಓಡಿಬಂದು ಲಾಡಸಾಬ ಚಿತ್ ಎಂದು ಕೈ ಎತ್ತಿದ. ಅದೇ ಕ್ಷಣ ಪಾಯಪ್ಪ ನನ್ನ ಗುಂಡಿ ಒತ್ತಿದ್ದ. ನಾನು ನೋಡಿದ್ದೆ. ಲಾಡಸಾಬನ ಹೆಗಲಿಗೂ ನೆಲಕ್ಕೂ ನಡುವೆ ಎರಡು ಬೆರಳಿನಷ್ಟು ಬೆಳಕಿತ್ತು. ಮಣ್ಣು ಹತ್ತಿದ್ದು ಆಮೇಲೆ, ಅವನು ದಣಿದು ಮಲಗಿದಾಗ.

"ನಾ ಚಿತ್ ಆಗಿಲ್ಲರೀ! ಪಾಯಪ್ಪನ ಡಬ್ಬಿ ಹೇಳಲಿ!" ಎಂದು ಲಾಡಸಾಬ ಕೂಗಿದ. ನಾಳೆ ಫೋಟೋ ನೋಡಿಯೇ ತೀರ್ಮಾನ ಎಂದಾಯಿತು.

ಮರುದಿನ ಬೆಳಿಗ್ಗೆ ಪಾಯಪ್ಪ ತೊಳೆದ ರೀಲನ್ನು ಕಿಟಕಿಗೆ ಹಿಡಿದು ನೋಡಿದ. "ಎಪ್ಪಾ!" ಎಂದ. ಅವನ ಜನ್ಮದಲ್ಲೇ ಅಂಥ ಚಿತ್ರ ತೆಗೆದಿರಲಿಲ್ಲ. ಹೆಂಡತಿ ಸುಗಲಾ ಒಳಗಿನಿಂದಲೇ, "ಗ್ವಾಡಿ ತುಂಬ ಪೈಲವಾನರದಾರ. ಹಿಟ್ಟಿನ ಡಬ್ಬ್ಯಾಗ ಯಾರದಾರ, ಒಂಚೂರು ಇಣುಕಿ ನೋಡ್ರಿ" ಎಂದಳು. ಅಷ್ಟರಲ್ಲಿ ತವನಪ್ಪ ಶೇಠ ತಾವೇ ನಡೆದು ಬಂದರು.

"ಪಾಯಪ್ಪಾ, ನಮ್ಮ ಮಷೀನ ಮಾರಾಕ ಒಬ್ಬ ಮಾತುಗಾರ ಬೇಕಾಗ್ಯಾನ. ನಿನಗಿಂತಾ ಬಾಯಿ ಯಾರಿಗೈತಿ?" ಎಂದು ಕುರ್ಚಿ ಎಳೆದುಕೊಂಡರು. ಚಹಾ ಕುಡಿದು ಏಳುವಾಗ, "ನಿನ್ನೆ ಬೆಳಕು ಅಷ್ಟು ಚಲೋ ಇರಲಿಲ್ಲ. ಹೌದಲ್ಲೋ?" ಎಂದರು.

ಪಾಯಪ್ಪ ಹಿಟ್ಟಿನ ಡಬ್ಬಿಯ ಕಡೆ ನೋಡಿದ. "ಹೌದ್ರೀ" ಎಂದ.

ಮಧ್ಯಾಹ್ನ ಲಾಡಸಾಬನೂ ವಸ್ತಾದರೂ ಬಂದರು. "ರೀಲಿಗೆ ಬೆಳಕು ಬಿದ್ದೈತ್ರೀ ವಸ್ತಾದ್ರ. ಫೋಟೋ ಬಂದಿಲ್ಲ" ಎಂದು ಪಾಯಪ್ಪ ನನ್ನನ್ನು ಒರೆಸುತ್ತ ಹೇಳಿದ. ಒರೆಸುವಂಥದ್ದು ನನ್ನ ಮೈಮೇಲೆ ಏನೂ ಇರಲಿಲ್ಲ.

ಪಂಚನ ತೀರ್ಪೇ ಉಳಿಯಿತು. ಊರು ಸುಮ್ಮನಿರುತ್ತದೆಯೇ? ಲಾಡಸಾಬ ಮೊದಲೇ ಮಾತಾಡಿಕೊಂಡು ಸೋತ, ಅದು ನೂರಾಕುಸ್ತಿ ಎಂದು ಗುಲ್ಲಾಯಿತು. ವಸ್ತಾದರೂ ನಂಬಿಬಿಟ್ಟರು. ಗರಡಿಯ ಹೊಸ್ತಿಲಲ್ಲಿ ಅವನು ಬಗ್ಗಿ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಹೋದಾಗ, "ಮುಟ್ಟಬ್ಯಾಡ. ಮಾರಿದ ಕೈ ಅದು" ಎಂದರಂತೆ. ಲಾಡಸಾಬ ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಗಿರಣಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ಹೊರಲು ಹೋದ.

ಪಾಯಪ್ಪ ಏಜೆಂಟನಾದ. ನಾನು ಅವನ ಸೈಕಲ್ಲಿಗೆ ಜೋತುಬಿದ್ದು ಊರೂರು ತಿರುಗಿದೆ. "ಅಕ್ಕಾರ, ಮಷೀನಿನ ಮುಂದ ಕುಂಡ್ರಿ, ಫೋಟೋ ಪುಕ್ಕಟ! ಸ್ವಲ್ಪ ನಗ್ರಿ, ಮಷೀನ ಕಚ್ಚೂದಿಲ್ಲ!" ಎನ್ನುವನು. ಅಕ್ಕಂದಿರು ಸೆರಗು ಬಾಯಿಗೆ ಹಿಡಿದು ನಗುವರು, ಮಷೀನು ಮಾರಾಟವಾಗುವುದು. ಅವನಿಗೆ ಮಾತು ಬರುತ್ತಿತ್ತು, ಅದು ಸುಳ್ಳಲ್ಲ. ಆದರೆ ಕುಸ್ತಿ ನಡೆಯುವ ಊರಿಗೆ ಆ ದಿನ ಮಾತ್ರ ಹೋಗುತ್ತಿರಲಿಲ್ಲ.

ಹತ್ತು ವರ್ಷದ ಮೇಲೆ ಶೇಠರು ತೀರಿಕೊಂಡು ಅಂಗಡಿ ಮಕ್ಕಳ ಪಾಲಾಯಿತು. ಪಾಯಪ್ಪ ಸ್ವಂತದ್ದೊಂದು ಶುರುಮಾಡಿದ. ಮೈಕೈ ನೋವಿಗೆ 'ಗರಡಿ ಎಣ್ಣೆ'. ಸುಗಲಾ ಕುದಿಸುವಳು, ಅವನು ಬಾಟಲಿಗೆ ತುಂಬುವನು. ಬಾಟಲಿಗೆ ಚೀಟಿ ಬೇಕು, ಚೀಟಿಗೆ ಚಿತ್ರ ಬೇಕು. ಟ್ರಂಕಿನ ತಳದಿಂದ ಆ ನೆಗೆಟಿವ್ ಹೊರಗೆ ಬಂತು. ಇಷ್ಟು ವರ್ಷ ಅದನ್ನು ಸುಟ್ಟಿರಲಿಲ್ಲ. ತನ್ನ ಕೈಯಿಂದ ಆದ ಒಂದೇ ಒಂದು ದೊಡ್ಡ ಕೆಲಸವನ್ನು ಸುಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?

"ಬ್ಯಾಡ್ರಿ. ಬ್ಯಾರೇದು ಹಾಕ್ರಿ" ಎಂದಳು ಸುಗಲಾ.

"ಮಾರಿ ಕಾಣೂದಿಲ್ಲ. ಮ್ಯಾಲ ಉಲ್ಟಾ ಛಾಪಿಸ್ತೇನಿ. ತಾಯತ ಬಲಗೈಗೆ ಬರತೈತಿ. ಯಾಂವ ಗುರ್ತ ಹಿಡೀತಾನ?"

ಯಾರೂ ಹಿಡಿಯಲಿಲ್ಲ. ಎಣ್ಣೆ ಚೆನ್ನಾಗಿಯೇ ಓಡಿತು.

ಒಂದು ಮುಂಜಾನೆ ಲಾಡಸಾಬ ಬಂದ. ಗಡ್ಡ ನೆರೆತಿತ್ತು, ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಗರಡಿ ಎಣ್ಣೆಯ ಬಾಟಲಿಯೊಂದನ್ನು ಮೇಜಿನ ಮೇಲೆ ಇಟ್ಟು ಕೂತ.

"ಹಡಪದ ಶಂಕ್ರಪ್ಪನ ಅಂಗಡ್ಯಾಗ ಗಡ್ಡಾ ಮಾಡಸಾಕ ಕುಂತಿದ್ದೆ. ಕನ್ನಡಿ ಮುಂದ ಈ ಬಾಟ್ಲಿ ಇಟ್ಟಿದ್ದ, ಚೀಟಿ ಕನ್ನಡಿ ಕಡೆ. ಕನ್ನಡ್ಯಾಗ ನೋಡ್ತೇನಿ, ನನ್ನ ತಾಯತ ನನ್ನ ಎಡಗೈಯಾಗೈತಿ. ಹಂಗ ಎದ್ದು ಬಂದೆ." ಅವನು ಬೆರಳಿನಿಂದ ಚೀಟಿಯನ್ನು ಮುಟ್ಟಿದ. "ಹೆಗಲು ನೆಲಕ್ಕ ಹತ್ತಿಲ್ಲ. ಬೆಳಕು ಬಿದ್ದಿತ್ತಂದಿದ್ದೆಲ್ಲೋ ಪಾಯಪ್ಪಾ."

ಪಾಯಪ್ಪ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡ. "ಊರಾಗ ಎಲ್ಲಾರಿಗೂ ತೋರಸ್ತೇನಿ. ನಾನೇ ಹೇಳ್ತೇನಿ" ಎಂದ.

"ಊರು ಬಿಡು. ವಸ್ತಾದ ಸತ್ತು ನಾಕು ವರ್ಷಾತು. ಮಣ್ಣಿಗೆ ಹೋದಾಗೂ ನನಗ ಹೆಗಲು ಕೊಡಾಕ ಬಿಡಲಿಲ್ಲ. ಯಾರಿಗೆ ತೋರಸ್ತಿ?"

ಆಮೇಲೆ ಎದ್ದುನಿಂತು ಅಂಗಿ ಕಳಚಿದ. ಬೆನ್ನು ತಿರುಗಿಸಿದ. ಅಂಡಿಗೆ ಹೊತ್ತು ಒಂದು ಕಡೆಗೆ ವಾಲಿದ ಬೆನ್ನು. "ತೆಗಿ. ಮಣ್ಣ ಐತೇನು ನೋಡಿ ತೆಗಿ. ಗರಡ್ಯಾಗ ವಸ್ತಾದನ ಫೋಟೋದ ಮುಂದ ಒಂದು ಇಟ್ಟು ಬರ್ತೇನಿ."

ಪಾಯಪ್ಪ ನನ್ನನ್ನು ಕಪಾಟಿನಿಂದ ಇಳಿಸಿದ. ತಲೆ ಬಗ್ಗಿಸಿ ಇಣುಕಿದಾಗ ಅವನ ಕಣ್ಣೀರು ನನ್ನ ಗಾಜಿನ ಮೇಲೆ ಬಿತ್ತು. ಗುಂಡಿ ಒತ್ತಿದ. ಟಕ್ಕೆಂದೆ.

"ಬಂತೇನು?"

"ಬಂತು" ಎಂದ ಪಾಯಪ್ಪ.

ನನ್ನ ಹೊಟ್ಟೆಯಲ್ಲಿ ರೀಲೇ ಇರಲಿಲ್ಲ. ಇಲ್ಲವೆನ್ನಲು ಅವನ ನಾಲಿಗೆ ಏಳಲಿಲ್ಲ. ನಾಳೆ ರೀಲು ತಂದು ಮತ್ತೆ ಕರೆದರಾಯಿತು ಎಂದುಕೊಂಡಿರಬೇಕು. ಲಾಡಸಾಬ ಎರಡು ಸಲ ಬಂದು ಕೇಳಿದ. ಎರಡು ಸಲವೂ ಸುಗಲಾ ಬಾಗಿಲಲ್ಲಿ ನಿಂತು, "ಮನ್ಯಾಗಿಲ್ಲರೀ" ಎಂದಳು. ಪಾಯಪ್ಪ ಒಳಗೆ ನನ್ನ ಪಕ್ಕದಲ್ಲೇ ಕೂತಿದ್ದ. ಮೂರನೇ ಸಲ ಲಾಡಸಾಬ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವನನ್ನು ಊರಾಚೆ ಮಣ್ಣು ಮಾಡಿದರು.

ಪಶ್ಚಾತ್ತಾಪದಿಂದ ಪಾಯಪ್ಪ ಎಣ್ಣೆ ನಿಲ್ಲಿಸಿದ ಎಂದರೆ ನಿಮಗೆ ಸಮಾಧಾನವಾದೀತು. ಹಾಗಾಗಲಿಲ್ಲ. ಟ್ಯೂಬಿನ ಮುಲಾಮುಗಳು ಬಂದವು, ಬಾಟಲಿ ಕೇಳುವವರು ಕಡಿಮೆಯಾದರು, ಅದಾಗಿಯೇ ನಿಂತಿತು.

ಈಗ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ಉಳಿದ ಚೀಟಿಗಳ ಕಟ್ಟು ನನ್ನೆದುರೇ ಇದೆ. ದಾರ ಸಡಿಲಾಗಿ ಒಂದು ಚೀಟಿ ಜಾರಿ ನನ್ನ ಕಣ್ಣಿನ ಮುಂದೆ ನಿಂತಿದೆ. ಮಧ್ಯಾಹ್ನ ಹಂಚಿನ ಸಂದಿಯಿಂದ ಬಿಸಿಲು ಬಿದ್ದಾಗ, ಆ ಉಲ್ಟಾ ಚಿತ್ರ ನನ್ನ ಕನ್ನಡಿಯಲ್ಲಿ ಸರಿಯಾಗುತ್ತದೆ. ತಾಯತ ಎಡ ರಟ್ಟೆಗೆ ಬರುತ್ತದೆ. ಹೆಗಲಿಗೂ ನೆಲಕ್ಕೂ ನಡುವೆ ಎರಡು ಬೆರಳು ಬೆಳಕು ನಿಲ್ಲುತ್ತದೆ.

ಅದನ್ನು ನೋಡಬೇಕಾದರೆ ತಲೆ ಬಗ್ಗಿಸಿ ಇಣುಕಬೇಕು. ಪಾಯಪ್ಪ ಅಟ್ಟ ಹತ್ತುವುದಿಲ್ಲ.